ಕೆಡವಿದವರೇ ತೆಗೆಸಿಟ್ಟ ಚಿತ್ರಗಳು: ಪಿಟ್ಸ್‌ಬರ್ಗ್ ಗ್ರಂಥಾಲಯದಲ್ಲಿ ಊರಿನ ಇತಿಹಾಸ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬರುವ ಕನ್ನಡಿಗರು ನೋಡುವ ಜಾಗಗಳು ಬಹುಮಟ್ಟಿಗೆ ನಿಗದಿಯಾಗಿಬಿಟ್ಟಿವೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ದರ್ಶನದ ನಂತರ ಅಲ್ಲಿಯೇ ಸಿಗುವ ಪುಳಿಯೋಗರೆ, ಮೌಂಟ್ ವಾಷಿಂಗ್ಟನ್ ಗುಡ್ಡವನ್ನು ಹತ್ತುವ ಹಳಿಬಂಡಿ, ಮೇಲೆ ನಿಂತರೆ ಕಾಣುವ ನದಿಗಳ ಸಂಗಮ, ಅಲ್ಲಿಗೆ ಪ್ರವಾಸ ಮುಗಿಯುತ್ತದೆ. ಮಕ್ಕಳ ಮನೆಯಲ್ಲಿ ಆರು ತಿಂಗಳು ಇರಲೆಂದು ಬಂದ ಹಿರಿಯರಿಗಂತೂ ಈ ಪಟ್ಟಿ ಬಹಳ ಬೇಗ ಖಾಲಿಯಾಗುತ್ತದೆ. ಓಕ್ಲೆಂಡ್ ಭಾಗದ ಫೋರ್ಬ್ಸ್ ಅವೆನ್ಯೂವಿನಲ್ಲಿರುವ ಕಾರ್ನೆಗಿ ಗ್ರಂಥಾಲಯದ ಮುಖ್ಯ ಕಟ್ಟಡ, ಅದರ ಮೂರನೆಯ ಮಹಡಿಯ ಪೆನ್ಸಿಲ್ವೇನಿಯಾ ವಿಭಾಗ ಮತ್ತು ಅಲ್ಲಿಯ ಸಂಗ್ರಹದ ಆಸರೆಯಲ್ಲಿ ನಡೆಯುವ ಸ್ಥಳೀಯ ಇತಿಹಾಸದ ಕಾರ್ಯಕ್ರಮಗಳು ಆ ಪಟ್ಟಿಯಲ್ಲಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಟಿಕೆಟ್ ಇಲ್ಲ, ಮುಂಗಡವಿಲ್ಲ, ಒಳಗೆ ಹೋಗಿ ಕುಳಿತು ಓದಲು ಸದಸ್ಯತ್ವದ ಕಾರ್ಡೂ ಬೇಕಿಲ್ಲ. ಕಾರ್ಡು ಬೇಕಾಗುವುದು ಪುಸ್ತಕವನ್ನು ಮನೆಗೆ ಒಯ್ಯುವವರಿಗೆ ಮಾತ್ರ.

ಈ ಗ್ರಂಥಾಲಯದ ಹುಟ್ಟೇ ಊರಿನ ಇತಿಹಾಸದ ಒಂದು ಅಧ್ಯಾಯ. ಉಕ್ಕಿನ ಒಡೆಯ ಆಂಡ್ರೂ ಕಾರ್ನೆಗಿ 1881ರಲ್ಲಿ ಗ್ರಂಥಾಲಯಕ್ಕೆಂದು ಎರಡೂವರೆ ಲಕ್ಷ ಡಾಲರ್ ಕೊಡಲು ಮುಂದಾದಾಗ, ಅದನ್ನು ನಡೆಸಿಕೊಂಡು ಹೋಗಲು ತೆರಿಗೆಯ ಹಣ ಬಳಸುವ ಅಧಿಕಾರ ತನಗಿಲ್ಲವೆಂದು ನಗರಾಡಳಿತ ಹಿಂಜರಿಯಿತು. 1890ರಲ್ಲಿ ಆತ ಮೊತ್ತವನ್ನು ಹತ್ತು ಲಕ್ಷಕ್ಕೆ ಏರಿಸಿದ, 1895ರ ನವೆಂಬರ್‌ನಲ್ಲಿ ಕಟ್ಟಡ ಬಾಗಿಲು ತೆರೆಯಿತು. ಈ ಎರಡು ವರ್ಷಗಳ ನಡುವೆ, 1892ರಲ್ಲಿ, ಅವನದೇ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಮುಷ್ಕರ ನಡೆದು, ಬಾಡಿಗೆಯ ಕಾವಲುಪಡೆಗೂ ಕಾರ್ಮಿಕರಿಗೂ ಗುಂಡಿನ ಕಾಳಗವಾಗಿ ಎರಡೂ ಕಡೆ ಹೆಣಗಳು ಬಿದ್ದಿದ್ದವು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೇಯುವವನಿಗೆ ಪುಸ್ತಕ ಹಿಡಿಯಲು ಹೊತ್ತೆಲ್ಲಿದೆ ಎಂದು ದುಡಿಯುವ ಜನ ಆಗ ಕೇಳುತ್ತಿದ್ದರು. ಜನರಿಗೆ ಉಚಿತವೆಂಬ ಅರ್ಥದ ಮಾತನ್ನು ಮುಖ್ಯದ್ವಾರದ ಮೇಲಿನ ಕಲ್ಲಿನಲ್ಲಿ ಓದಿಕೊಂಡು ಒಳಗೆ ಹೋದವರು, ಆ ಹಣ ಎಲ್ಲಿಂದ ಬಂತೆಂಬುದರ ವೃತ್ತಾಂತವನ್ನೂ ಅದೇ ಕಟ್ಟಡದ ಕಪಾಟುಗಳಲ್ಲಿ ಓದಬಹುದು. ದಾನಿಯ ಮುಲಾಜಿಗೆ ಬೀಳದ ಈ ಗುಣ ನನಗೆ ಮೊದಲು ಹಿಡಿಸಿತು.

ಪಿಟ್ಸ್‌ಬರ್ಗ್ ಅಮೆರಿಕದಲ್ಲಿ ಪುನರುಜ್ಜೀವನಕ್ಕೆ ಹೆಸರಾದ ಊರು. 1940ರ ದಶಕದವರೆಗೆ ಇಲ್ಲಿಯ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ನಡುಹಗಲಿನಲ್ಲೇ ಬೀದಿದೀಪಗಳು ಉರಿಯುತ್ತಿದ್ದವು. 1936ರ ಮಾರ್ಚ್‌ನಲ್ಲಿ ನದಿಗಳು 46 ಅಡಿಯವರೆಗೆ ಏರಿ ಊರಿನ ನಡುಭಾಗವನ್ನೇ ಮುಳುಗಿಸಿದ್ದವು. ಹೊಗೆ ನಿಯಂತ್ರಣದ ಕಾನೂನು 1941ರಲ್ಲೇ ಬಂದರೂ ಯುದ್ಧದ ಕಾರಣಕ್ಕೆ ತಡೆಯಲ್ಪಟ್ಟು, 1946ರಿಂದ ಕಾರ್ಖಾನೆಗಳಿಗೂ 1947ರಿಂದ ಮನೆಗಳ ಒಲೆಗಳಿಗೂ ಜಾರಿಯಾಯಿತು. ಡೆಮಾಕ್ರಟಿಕ್ ಪಕ್ಷದ ಮೇಯರ್ ಡೇವಿಡ್ ಲಾರೆನ್ಸ್ ಮತ್ತು ರಿಪಬ್ಲಿಕನ್ ಪಕ್ಷದ ಕಡೆಯ ಬ್ಯಾಂಕಿಂಗ್ ಮನೆತನದ ರಿಚರ್ಡ್ ಕಿಂಗ್ ಮೆಲನ್ ಒಟ್ಟಾಗಿ ನಿಂತು, ಸಂಗಮದ ಬಳಿಯ ಗೋದಾಮುಗಳನ್ನೂ ರೈಲ್ವೆ ಯಾರ್ಡುಗಳನ್ನೂ ತೆಗೆಸಿ, 36 ಎಕರೆಯ ಉದ್ಯಾನಕ್ಕೂ ಗೇಟ್‌ವೇ ಸೆಂಟರ್ ಎಂಬ ಕಚೇರಿ ಗೋಪುರಗಳಿಗೂ ಜಾಗ ಮಾಡಿದರು. ಇಂದು ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಕಾರಂಜಿ ಮಾತ್ರ 1974ರಲ್ಲಿ ಬಂದದ್ದು. ಇದನ್ನು ಇಲ್ಲಿಯವರು ಮೊದಲನೆಯ ರಿನೈಸಾನ್ಸ್, ಅಂದರೆ ಪುನರುಜ್ಜೀವನ, ಎನ್ನುತ್ತಾರೆ. 1977ರಿಂದ ಮೇಯರ್ ಆಗಿದ್ದ ರಿಚರ್ಡ್ ಕ್ಯಾಲಿಗ್ಯೂರಿಯ ಕಾಲದ ಗಾಜಿನ ಗೋಪುರಗಳು, ಸುರಂಗದ ರೈಲು ಎರಡನೆಯದು. ಇಷ್ಟು ವಿಷಯ ಯಾವ ಪ್ರವಾಸಿ ಕೈಪಿಡಿಯಲ್ಲಾದರೂ ಸಿಗುತ್ತದೆ, ಅದಕ್ಕಾಗಿ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ.

ಹೋಗಬೇಕಾದದ್ದು ಪಿಟ್ಸ್‌ಬರ್ಗ್ ಫೋಟೊಗ್ರಾಫಿಕ್ ಲೈಬ್ರರಿ ಎಂಬ ಸಂಗ್ರಹಕ್ಕಾಗಿ. ಊರಿನ ನವನಿರ್ಮಾಣದ ಹಿಂದಿದ್ದ ಉದ್ಯಮಿಗಳ ಕೂಟವಾದ ಅಲೆಘೇನಿ ಕಾನ್ಫರೆನ್ಸ್, ನಡೆಯುತ್ತಿರುವ ಬದಲಾವಣೆಯನ್ನು ಚಿತ್ರಗಳಲ್ಲಿ ದಾಖಲಿಸಬೇಕೆಂದು 1950ರಲ್ಲಿ ರಾಯ್ ಸ್ಟ್ರೈಕರ್ ಎಂಬವರನ್ನು ಕರೆಸಿತು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕದ ರೈತರ ಬವಣೆಯನ್ನು ಸರ್ಕಾರದ ಪರವಾಗಿ ಚಿತ್ರಿಸುವ ಯೋಜನೆಯನ್ನು ನಡೆಸಿ, ಡೊರೊಥಿಯಾ ಲ್ಯಾಂಗ್, ವಾಕರ್ ಎವಾನ್ಸ್ ಮೊದಲಾದವರಿಗೆ ಕೆಲಸ ಕೊಟ್ಟಿದ್ದವರು ಇದೇ ಸ್ಟ್ರೈಕರ್. ಇಲ್ಲಿಯೂ ಅವರು ಕಟ್ಟಡಗಳ ಚಿತ್ರ ತೆಗೆಸಿ ಸುಮ್ಮನಾಗಲಿಲ್ಲ. ಎಸ್ತರ್ ಬಬ್ಲಿ ಮಕ್ಕಳ ಆಸ್ಪತ್ರೆಯೊಳಗೆ ದಿನಗಟ್ಟಲೆ ಇದ್ದು ಚಿತ್ರ ತೆಗೆದರು. ಕ್ಲೈಡ್ ಹೇರ್ ಈ ಕೆಲಸಕ್ಕೆಂದು ಬಂದು ಈ ಊರಿನವರೇ ಆಗಿಹೋದರು. ಇಪ್ಪತ್ತೆರಡರ ಪ್ರಾಯದ ಎಲಿಯಟ್ ಅರ್ವಿಟ್ ಕೆಲವು ತಿಂಗಳು ಬೀದಿಗಳಲ್ಲಿ ತಿರುಗಿ, ಸೇನೆಯಿಂದ ಕರೆ ಬಂದ ಮೇಲೆ ನೆಗೆಟಿವ್‌ಗಳನ್ನು ಇಲ್ಲೇ ಬಿಟ್ಟು ಹೊರಟರು. ಮುಂದೆ ಅವರು ಜಗತ್ತೇ ಬಲ್ಲ ಛಾಯಾಗ್ರಾಹಕರಾದರೂ ಆ ನೆಗೆಟಿವ್‌ಗಳು ದಶಕಗಳ ಕಾಲ ಪೆನ್ಸಿಲ್ವೇನಿಯಾ ವಿಭಾಗದ ವಶದಲ್ಲೇ ಇದ್ದವು. ಸಂಗ್ರಹ ಮೊದಲು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದು, 1960ರಲ್ಲಿ ಗ್ರಂಥಾಲಯಕ್ಕೆ ಬಂತು.

ಈ ಚಿತ್ರಗಳನ್ನು ನೋಡಲು ನಾನು ನಮ್ಮ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ರೋಲಿಂಗ್ ಮಿಲ್‌ನಲ್ಲಿ ದುಡಿದು ನಿವೃತ್ತರಾದವರು, ಹಾಗಾಗಿ ಕುಲುಮೆ, ಲ್ಯಾಡಲ್, ಬಿಲೆಟ್ಟು ಯಾವುದನ್ನೂ ಅವರಿಗೆ ವಿವರಿಸುವ ಅಗತ್ಯವಿರಲಿಲ್ಲ. ಹೊಗೆ ಕವಿದ ಒಂದು ಬೀದಿ, ಹರಿದ ಪಾಯಿಜಾಮಿನ ಹುಡುಗರು, ಮರದ ಮೆಟ್ಟಿಲುಗಳ ಮೇಲೆ ಬಟ್ಟೆ ಒಣಹಾಕುತ್ತಿರುವ ಹೆಂಗಸು, ಹೀಗೆ ಒಂದೊಂದನ್ನೇ ಕನ್ನಡಕ ಹಣೆಗೇರಿಸಿ ನೋಡುತ್ತ ಬಂದವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಮ್ಮಾ, ಇಷ್ಟೆಲ್ಲ ಫೋಟೊ ತೆಗೆಸೋದಕ್ಕೆ ದುಡ್ಡು ಕೊಟ್ಟೋರು ಯಾರು?” ನಾನು ಹೇಳಿದೆ, ಈ ಬೀದಿಗಳನ್ನು ಕೆಡವಿ ಊರನ್ನು ಹೊಸದು ಮಾಡಬೇಕೆಂದು ಹೊರಟವರೇ ಎಂದು. “ಹಾಗಾದ್ರೆ ಸರಿ, ಗಲೀಜು ಇರೋ ಕಡೆ ಕ್ಯಾಮೆರಾ ಹಿಡಿದಿದಾರೆ” ಎಂದರು.

ಅವರ ಮಾತು ಅರ್ಧ ನಿಜ, ಉಳಿದರ್ಧವೇ ಈ ಸಂಗ್ರಹದ ಸ್ವಾರಸ್ಯ. ಕೊಳಕು, ಹೊಗೆ, ಇಕ್ಕಟ್ಟು ಇವುಗಳನ್ನು ತೋರಿಸಿ ನಗರ ನವೀಕರಣಕ್ಕೆ ಜನರ ಒಪ್ಪಿಗೆ ಪಡೆಯುವುದು ಹಣ ಹೂಡಿದವರ ಲೆಕ್ಕಾಚಾರವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಛಾಯಾಗ್ರಾಹಕರನ್ನು ಬೀದಿಗೆ ಬಿಟ್ಟರೆ ಅವರು ಒಪ್ಪಿಸಿದ ಕೆಲಸಕ್ಕಷ್ಟೇ ನಿಲ್ಲುವುದಿಲ್ಲ. ಕೆಡವಲು ಯೋಗ್ಯವೆಂದು ತೋರಿಸಬೇಕಾಗಿದ್ದ ಬೀದಿಯಲ್ಲಿ ಕ್ಷೌರದಂಗಡಿಯಿದೆ, ಚರ್ಚಿಗೆ ಹೊರಟ ಶುಭ್ರವಾದ ಸಂಸಾರವಿದೆ, ಅಂಗಡಿಯ ಮುಂದೆ ಕುರ್ಚಿ ಹಾಕಿ ಕುಳಿತ ಮುದುಕರ ಸಭೆಯಿದೆ. ಒಂದೇ ನೆಗೆಟಿವ್ ಕೆಡವುವವರ ಪರವಾಗಿಯೂ ಬದುಕುತ್ತಿದ್ದವರ ಪರವಾಗಿಯೂ ಸಾಕ್ಷಿ ನುಡಿಯುತ್ತದೆ. ಇತಿಹಾಸದ ಕಾರ್ಯಕ್ರಮವೊಂದು ಈ ಇಬ್ಬಗೆಯನ್ನು ಪ್ರೇಕ್ಷಕರ ಮುಂದಿಟ್ಟರೆ ಅದು ಗೆದ್ದಂತೆ. ಬರೀ ‘ಅಂದು’ ಮತ್ತು ‘ಇಂದು’ ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸಿ ಚಪ್ಪಾಳೆ ಗಿಟ್ಟಿಸಿದರೆ ಅದಕ್ಕೆ ಗ್ರಂಥಾಲಯ ಏಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ.

ಈ ಮಾನದಂಡಕ್ಕೆ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ನಗರದ ವ್ಯಾಪಾರ ಕೇಂದ್ರಕ್ಕೆ ಅಂಟಿಕೊಂಡ ಇಳಿಜಾರಿನ ಮೇಲೆ ಕರಿಯರು, ಯಹೂದಿಗಳು, ಇಟಾಲಿಯನ್ನರು, ಸಿರಿಯಾದವರು ಒತ್ತೊತ್ತಾಗಿ ಬದುಕಿದ್ದ ಭಾಗ ಲೋವರ್ ಹಿಲ್. ವೈಲಿ ಅವೆನ್ಯೂವಿನ ಜಾಝ್ ಸಂಗೀತದ ಅಡ್ಡೆಗಳು ದೇಶಕ್ಕೆಲ್ಲ ಹೆಸರಾಗಿದ್ದವು. 1956ರ ಮೇ ತಿಂಗಳಲ್ಲಿ ಕೆಡವುವ ಕೆಲಸ ಶುರುವಾಗಿ ಸುಮಾರು 95 ಎಕರೆ ನೆಲಸಮವಾಯಿತು. ಸುಮಾರು ಎಂಟು ಸಾವಿರ ಜನರನ್ನು ಒಕ್ಕಲೆಬ್ಬಿಸಲಾಯಿತು, ನಾನೂರಕ್ಕೂ ಹೆಚ್ಚು ಅಂಗಡಿಮುಂಗಟ್ಟುಗಳು ಹೋದವು, ಬೆತೆಲ್ ಎಂಬ ಕರಿಯರ ದೊಡ್ಡ ಚರ್ಚನ್ನೂ 1957ರಲ್ಲಿ ಕೆಡವಲಾಯಿತು. ಆ ಜಾಗದಲ್ಲಿ ಎದ್ದದ್ದು 1961ರಲ್ಲಿ ಆರಂಭವಾದ, ಸ್ಟೇನ್‌ಲೆಸ್ ಸ್ಟೀಲಿನ ತೆರೆಯುವ ಛಾವಣಿಯಿದ್ದ ಸಿವಿಕ್ ಅರೀನಾ ಮತ್ತು ಅದರ ಸುತ್ತ ಕಾರು ನಿಲ್ಲಿಸುವ ಬಯಲು. ಅರೀನಾವನ್ನೂ 2011–12ರಲ್ಲಿ ಒಡೆದುಹಾಕಿದರು. ಐವತ್ತು ವರ್ಷಗಳಷ್ಟೇ ಬಾಳಿದ ಕಟ್ಟಡಕ್ಕಾಗಿ ಒಂದು ಊರಿನಷ್ಟು ಜನ ಎತ್ತಂಗಡಿಯಾದರೆಂಬ ಲೆಕ್ಕವನ್ನು ಯಾವ ಭಾಷಣಕಾರನೂ ಒತ್ತಿ ಹೇಳಬೇಕಾಗಿಲ್ಲ, ಎರಡು ನಕಾಶೆಗಳನ್ನು ಮೇಜಿನ ಮೇಲೆ ಹರಡಿದರೆ ಸಾಕು.

ನಕಾಶೆಗಳ ಮಾತು ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಡೀ ಸೇವೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವು. ಹಾಪ್ಕಿನ್ಸ್ ಕಂಪನಿ 1870ರ ದಶಕದಿಂದ ಹಲವು ದಶಕಗಳ ಕಾಲ ಪಿಟ್ಸ್‌ಬರ್ಗ್‌ನ ಒಂದೊಂದು ವಾರ್ಡನ್ನೂ ಮನೆಮನೆಯಾಗಿ ಅಳೆದು ನಕಾಶೆ ಮಾಡಿತ್ತು. ಇಟ್ಟಿಗೆಯ ಮನೆಗೆ ನಸುಗೆಂಪು, ಮರದ ಮನೆಗೆ ಹಳದಿ; ಸೈಟಿನ ಅಳತೆ ಅಡಿಗಳಲ್ಲಿ, ಹಲವೆಡೆ ಒಡೆಯನ ಹೆಸರು ಸಹಿತ. ನಮ್ಮಲ್ಲಿ ಚಕ್ಕುಬಂದಿ ಓದಿ ಅಭ್ಯಾಸವಿರುವವರಿಗೆ ಇದನ್ನು ಓದಲು ಐದು ನಿಮಿಷವೂ ಬೇಡ. ಇದರ ಜೊತೆಗೆ ಹಳೆಯ ನಗರ ಡೈರೆಕ್ಟರಿಗಳನ್ನು ಇಟ್ಟುಕೊಳ್ಳಬೇಕು. ಆ ದಪ್ಪ ಸಂಪುಟಗಳಲ್ಲಿ ಒಬ್ಬೊಬ್ಬ ನಿವಾಸಿಯ ಹೆಸರು, ಕಸುಬು, ಮನೆ ನಂಬರು ಇರುತ್ತವೆ. ಕೆಲವು ವರ್ಷಗಳವುಗಳಲ್ಲಿ ಬೀದಿಯ ಕ್ರಮದಲ್ಲಿಯೂ ಪಟ್ಟಿಯಿದ್ದು, ಒಂದು ಓಣಿಯಲ್ಲಿ ದರ್ಜಿಯ ಪಕ್ಕಕ್ಕೆ ಯಾರಿದ್ದರು, ಕಟುಕನ ಅಂಗಡಿ ಎಷ್ಟನೆಯ ಮನೆ ಎಂಬುದನ್ನೆಲ್ಲ ಅದರಿಂದ ಕಟ್ಟಿಕೊಳ್ಳಬಹುದು. ಕೊನೆಗೆ ಪತ್ರಿಕೆಗಳ ಮೈಕ್ರೊಫಿಲ್ಮ್, ಅಂದರೆ ಹಳೆಯ ಪುಟಗಳನ್ನು ಪುಟ್ಟದಾಗಿ ಸೆರೆಹಿಡಿದ ಫಿಲ್ಮ್ ಸುರುಳಿಗಳು. ಕರಿಯರ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್‌ನಲ್ಲಿ ಲೋವರ್ ಹಿಲ್‌ನ ಕುರಿತು ಬಂದದ್ದನ್ನೂ, ಅದೇ ವಾರ ಊರಿನ ದೊಡ್ಡ ದಿನಪತ್ರಿಕೆಗಳು ಬರೆದದ್ದನ್ನೂ ಒಂದರ ಹಿಂದೊಂದರಂತೆ ಓದಿದವರಿಗೆ ಯಾವ ಉಪನ್ಯಾಸವೂ ಅದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ಹೀಗಾಗಿ ಮೊದಲ ಸಲ ಹೋಗುವವರಿಗೆ ನನ್ನ ಸಲಹೆಯಿಷ್ಟು: ‘ನಗರದ ಪುನರುಜ್ಜೀವನ’ ಎಂಬಂಥ ದೊಡ್ಡ ವಿಷಯ ಹೊತ್ತುಕೊಂಡು ಹೋಗಬೇಡಿ, ಒಂದೇ ಒಂದು ವಿಳಾಸ ಹಿಡಿದು ಹೋಗಿ. ನೀವು ಬಾಡಿಗೆಗಿರುವ ಮನೆಯದಾದರೂ ಆದೀತು. ಗ್ರಂಥಪಾಲಕರಿಗೆ ವಿಳಾಸ ಕೊಟ್ಟರೆ ಅವರು ಎಲ್ಲಿಂದ ಶುರು ಮಾಡಬೇಕೆಂದು ತೋರಿಸಬಲ್ಲರು, ವಿಷಯ ಕೊಟ್ಟರೆ ಪುಸ್ತಕಗಳ ಕಪಾಟನ್ನಷ್ಟೇ ತೋರಿಸಿಯಾರು.

ಹಿಲ್‌ನ ಕಥೆಯಲ್ಲಿ ಈ ಗ್ರಂಥಾಲಯಕ್ಕೂ ಒಂದು ಪಾತ್ರವಿದೆ. ನಾಟಕಕಾರ ಆಗಸ್ಟ್ ವಿಲ್ಸನ್ 1945ರಲ್ಲಿ ಹುಟ್ಟಿದ್ದು ಬೆಡ್‌ಫರ್ಡ್ ಅವೆನ್ಯೂವಿನ ಮನೆಯಲ್ಲಿ. ಪ್ರಬಂಧವೊಂದನ್ನು ತಾನೇ ಬರೆದಿದ್ದೆಂದು ಶಿಕ್ಷಕರು ನಂಬದಿದ್ದಾಗ ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಆತ, ಮನೆಯಲ್ಲಿ ಹೇಳದೆ ದಿನವೂ ಬಂದು ಕೂರುತ್ತಿದ್ದುದು ಇದೇ ಗ್ರಂಥಾಲಯದಲ್ಲಿ. ಮುಂದೆ ಎರಡು ಸಲ ಪುಲಿಟ್ಜರ್ ಪ್ರಶಸ್ತಿ ಪಡೆದ ಅವರಿಗೆ ಗ್ರಂಥಾಲಯವು ಪ್ರೌಢಶಾಲೆಯ ಪದವಿಪತ್ರವನ್ನೇ ಕೊಟ್ಟಿತು. ಹಿಲ್‌ನ ಶಾಖಾ ಗ್ರಂಥಾಲಯ 2008ರಿಂದ ಸೆಂಟರ್ ಅವೆನ್ಯೂವಿನ ಹೊಸ ಕಟ್ಟಡದಲ್ಲಿದೆ. 1899ರ ಹಳೆಯ ಕಟ್ಟಡ ಈಗ ಮಸೀದಿ. ಮುಖ್ಯ ಕಟ್ಟಡದಲ್ಲಿ ನಕಾಶೆ ನೋಡಿದವರು ಈ ಶಾಖೆಗೂ ಹೋಗಿ, ಅಲ್ಲಿಂದ ಕೆಳಗೆ ಕ್ರಾಫರ್ಡ್ ಬೀದಿಯವರೆಗೆ ನಡೆದು ಬರಬೇಕು. 1960ರ ದಶಕದಲ್ಲಿ ಇಲ್ಲಿಂದಾಚೆಗೆ ಪುನರಭಿವೃದ್ಧಿ ಕೂಡದೆಂದು ಹಿಲ್‌ನ ಜನ ದೊಡ್ಡ ಫಲಕ ನೆಟ್ಟದ್ದು ಆ ಮೂಲೆಯಲ್ಲಿ. ಅದಕ್ಕೆ ಫ್ರೀಡಂ ಕಾರ್ನರ್ ಎಂಬ ಹೆಸರು ನಿಂತಿದೆ. ಹಿಲ್‌ನ ಪರ ಹೋರಾಡಿದ ಫ್ರ್ಯಾಂಕಿ ಪೇಸ್ ಅವರ ಹೆಸರಿನ ಉದ್ಯಾನವೊಂದನ್ನು 2021ರಲ್ಲಿ ಹೆದ್ದಾರಿಯ ಮೇಲೆಯೇ ಹಾಸುಗಟ್ಟಿ ಮಾಡಿದ್ದಾರೆ.

ಕೆಡವಿದವರ ಚಿತ್ರಗಳನ್ನು ನೋಡಿದ ಮೇಲೆ ಬದುಕಿದವರ ಚಿತ್ರಗಳನ್ನು ನೋಡದಿದ್ದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಅವು ಗ್ರಂಥಾಲಯದಲ್ಲಲ್ಲ, ಅದೇ ಕಟ್ಟಡ ಸಮೂಹದ ಇನ್ನೊಂದು ಭಾಗವಾದ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. ಕೊರಿಯರ್ ಪತ್ರಿಕೆಯ ಛಾಯಾಗ್ರಾಹಕ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ (1908–1998) ಹಿಲ್‌ನ ಮದುವೆ, ಮೆರವಣಿಗೆ, ಬೇಸ್‌ಬಾಲ್ ತಂಡ, ಹೋಟೆಲು, ಹರತಾಳಗಳನ್ನು ದಶಕಗಳ ಕಾಲ ಚಿತ್ರಿಸಿದವರು. ಸುಮಾರು ಎಂಬತ್ತು ಸಾವಿರ ನೆಗೆಟಿವ್‌ಗಳನ್ನು ಸಂಗ್ರಹಾಲಯ 2001ರಲ್ಲಿ ಪಡೆಯಿತು. ಬೇರೆಯವರು ಹತ್ತು ಫ್ಲ್ಯಾಶ್ ಹಾರಿಸುವಲ್ಲಿ ಒಂದೇ ಚಿತ್ರ ತೆಗೆದು ಹೊರಡುತ್ತಿದ್ದ ಅವರಿಗೆ ‘ಒನ್ ಶಾಟ್’ ಎಂದು ಅಡ್ಡಹೆಸರು ಇಟ್ಟವರು ಮೇಯರ್ ಲಾರೆನ್ಸ್, ಅಂದರೆ ಲೋವರ್ ಹಿಲ್ ಕೆಡವಿದ ಕಾಲದ ಮೇಯರ್. ಸಂಗ್ರಹಾಲಯಕ್ಕೆ ಟಿಕೆಟ್ ಇದೆ, ಆದರೆ ಹ್ಯಾರಿಸ್ ಅವರ ಚಿತ್ರಗಳನ್ನು ಅಂತರಜಾಲದಲ್ಲಿ ಹಣ ಕೊಡದೆ ಹುಡುಕಿ ನೋಡಬಹುದು. ಹಾಪ್ಕಿನ್ಸ್ ನಕಾಶೆಗಳೂ ಅಷ್ಟೇ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ನಡೆಸುವ ಹಿಸ್ಟಾರಿಕ್ ಪಿಟ್ಸ್‌ಬರ್ಗ್ ಎಂಬ ತಾಣದಲ್ಲಿ ಅವು ಎಲ್ಲರಿಗೂ ತೆರೆದಿವೆ. ಬೆಂಗಳೂರಿನಲ್ಲಿ ಕುಳಿತು ಓದುತ್ತಿರುವವರೂ ಇಂದೇ ತೆರೆದು ನೋಡಬಹುದಾದ್ದರಿಂದ ಈ ಮಾತು ಬರೆದೆ.

ಇನ್ನು ಕಾರ್ಯಕ್ರಮಗಳ ವಿಚಾರ. ಊರಿನ ಇತಿಹಾಸದ ಕಾರ್ಯಕ್ರಮವೆಂದರೆ ಉಪನ್ಯಾಸ, ವಂಶಾವಳಿ ಹುಡುಕುವುದರ ತರಬೇತಿ, ಹಳೆಯ ಚಿತ್ರಗಳ ಪ್ರದರ್ಶನ, ಬಡಾವಣೆಯವರು ಸೇರಿ ತಮ್ಮ ನೆನಪುಗಳನ್ನು ಹೇಳಿಕೊಳ್ಳುವ ಕೂಟ, ಇವುಗಳಲ್ಲಿ ಯಾವುದೂ ಆಗಿರಬಹುದು. ನನ್ನ ಅನುಭವದಲ್ಲಿ ಕೊನೆಯದೇ ಎಲ್ಲಕ್ಕಿಂತ ಮೇಲು. ಮೇಜಿನ ಮೇಲೆ ನಕಾಶೆಯ ಪ್ರತಿ ಹರಡಿದ್ದಾಗ ಹಿರಿಯ ಮಹಿಳೆಯೊಬ್ಬರು ಹಳದಿ ಚೌಕವೊಂದರ ಮೇಲೆ ಬೆರಳಿಟ್ಟು, ತಮ್ಮ ಅಜ್ಜಿಯ ಮನೆಯ ಹಿತ್ತಲಿನಿಂದ ಯಾವ ಓಣಿಗೆ ಇಳಿಯುತ್ತಿದ್ದರು, ಆ ಓಣಿಯಲ್ಲಿ ಮೀನಿನ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತಿತ್ತು ಎಂದು ಹೇಳತೊಡಗಿದರು, ಎದುರಿಗಿದ್ದ ಇನ್ನೊಬ್ಬರು ಇಲ್ಲ, ಮೀನಿನ ಅಂಗಡಿ ಅದರ ಮುಂದಿನ ತಿರುವಿನಲ್ಲಿತ್ತು ಎಂದರು, ವಾದ ಬೆಳೆಯಿತು, ಯಾರೋ ಡೈರೆಕ್ಟರಿ ತೆಗೆದರು. ಭಾಷಣಕಾರರು ಆ ಹದಿನೈದು ನಿಮಿಷ ತೆಪ್ಪಗೆ ಕುಳಿತದ್ದೇ ಅವರ ದೊಡ್ಡತನ. ಅದೇ ಬೇರೊಂದು ಊರಿನ ಗ್ರಂಥಾಲಯದಲ್ಲಿ, ಹೆಸರು ಬೇಡ, ನಗರದ ನವೋದಯವೆಂದು ಪ್ರಚಾರ ಮಾಡಿದ್ದ ಸಂಜೆಗೆ ಹೋಗಿ ಕಟ್ಟಡ ಕಟ್ಟುವವರ ಮಾರಾಟದ ಸ್ಲೈಡುಗಳನ್ನು ಒಂದೂವರೆ ತಾಸು ನೋಡಿ ಬಂದಿದ್ದೇನೆ. ಪ್ರಶ್ನೆಗೆ ಹೊತ್ತಿಲ್ಲವೆಂದರು, ಕಾಫಿಗೆ ಹೊತ್ತಿತ್ತು. ಇಂಥ ಕಾರ್ಯಕ್ರಮಕ್ಕೆ ಹೋಗುವ ಮೊದಲು ಮಾತನಾಡುವವರು ಯಾರು, ಅವರು ಯಾವ ದಾಖಲೆಗಳನ್ನು ತರಲಿದ್ದಾರೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ದಾಖಲೆ ಮುಟ್ಟಲು ಸಿಗುವ ಕಾರ್ಯಕ್ರಮ ಅಪರೂಪಕ್ಕೆ ನೀರಸವಾಗುತ್ತದೆ.

ಪುನರುಜ್ಜೀವನದ ಕಥೆ ಹೇಳುವವರು ಸಾಮಾನ್ಯವಾಗಿ ಹೊಗೆಯಿಂದ ಶುರುಮಾಡಿ ಗಾಜಿನ ಗೋಪುರದಲ್ಲಿ ಮುಗಿಸುತ್ತಾರೆ, ನಡುವೆ ಉಕ್ಕಿನ ಉದ್ಯಮ ಕುಸಿದದ್ದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆ ಕುಸಿತವನ್ನು ಅಂಕಿಗಳಲ್ಲೇ ನೋಡಬೇಕು: 1950ರ ಜನಗಣತಿಯಲ್ಲಿ 6,76,806 ಜನರಿದ್ದ ನಗರದಲ್ಲಿ 2020ರಲ್ಲಿ ಉಳಿದವರು 3,02,971. ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅಲ್ಲಿ ಈಗ ವಾಟರ್‌ಫ್ರಂಟ್ ಎಂಬ ಅಂಗಡಿಗಳ ಸಮುಚ್ಚಯವಿದೆ. ಒಂದು ಸಾಲು ಚಿಮಣಿಗಳನ್ನು ಮಾತ್ರ ಗುರುತಿಗೆಂದು ಉಳಿಸಿದ್ದಾರೆ. ಮಾವನವರು ಕಥೆಯ ಈ ಭಾಗಕ್ಕೆ ಬಂದಾಗ ಮಾತು ಕಡಿಮೆ ಮಾಡಿದರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾದದ್ದು ಸರಿಯಾಗಿ ನೂರು ವರ್ಷದ ನಂತರ, 2023ರ ಜನವರಿಯಲ್ಲಿ. ಗುತ್ತಿಗೆ ಕಾರ್ಮಿಕರ ಧರಣಿಯ ಸುದ್ದಿ ಅವರು ಇಲ್ಲಿದ್ದಾಗಲೂ ಮೊಬೈಲಿಗೆ ಬರುತ್ತಿತ್ತು. ಅವರಿಗೆ ಬೇಕಾಗಿದ್ದುದು ಗೋಪುರಗಳ ಚಿತ್ರವಲ್ಲ, ಹೋಮ್‌ಸ್ಟೆಡ್ ಕಾರ್ಖಾನೆ ಮುಚ್ಚಿದ ಮರುವರ್ಷ ಅಲ್ಲಿಯ ಜನ ಏನು ಮಾಡಿದರು ಎಂಬುದು. 1980ರ ದಶಕದ ಪತ್ರಿಕೆಗಳ ಮೈಕ್ರೊಫಿಲ್ಮ್ ಅವರನ್ನು ಒಂದು ಮಧ್ಯಾಹ್ನವಿಡೀ ಹಿಡಿದು ಕೂರಿಸಿತು. ಇಂಗ್ಲಿಷನ್ನು ನಿಧಾನವಾಗಿ ಓದುವವರು ಅವರು, ಆದರೂ ನಡುನಡುವೆ ಯಂತ್ರದ ಪರದೆಗೆ ಬೆರಳು ತೋರಿಸಿ “ಇದು ನಮ್ಮಲ್ಲೂ ಹೀಗೇ ಆಯಿತು” ಎನ್ನುತ್ತಿದ್ದರು.

ಈಚಿನ ಅಧ್ಯಾಯಗಳೂ ಸಂಗ್ರಹಕ್ಕೆ ಸೇರಬೇಕಾದವೇ. ಈಸ್ಟ್ ಲಿಬರ್ಟಿಯ ನಬಿಸ್ಕೊ ಬಿಸ್ಕತ್ತು ಕಾರ್ಖಾನೆಯಲ್ಲಿ ಈಗ ಗೂಗಲ್ ಕಚೇರಿಯಿದೆ, ಅಲ್ಲಿಂದ ಸ್ವಲ್ಪ ದೂರದ ಪೆನ್ ಪ್ಲಾಝಾ ವಸತಿ ಕಟ್ಟಡದ ಬಾಡಿಗೆದಾರರಿಗೆ 2015ರಲ್ಲಿ ಮನೆ ಬಿಡುವಂತೆ ನೋಟಿಸು ಹೋಯಿತು. ಓಕ್ಲೆಂಡ್‌ನ ವಿಶ್ವವಿದ್ಯಾಲಯಗಳಲ್ಲಿ ಓದಿ ಇಂಥ ಕಚೇರಿಗಳಿಗೆ ಸೇರುವವರಲ್ಲಿ ಕನ್ನಡಿಗರೂ ಇದ್ದಾರೆ, ಆದ್ದರಿಂದ ಇದನ್ನು ಪರರ ಊರಿನ ಕಥೆಯೆಂದು ಕೈತೊಳೆದುಕೊಳ್ಳಲು ನಮಗೆ ಬರುವುದಿಲ್ಲ. ಹಳೆಯ ಪುನರುಜ್ಜೀವನದ ಬಗ್ಗೆ ಇಷ್ಟು ನಿಷ್ಠುರವಾಗಿ ಮಾತಾಡಲು ಸಾಧ್ಯವಿರುವ ಕಡೆ ಹೊಸದರ ಬಗ್ಗೆಯೂ ಮಾತಾಡಬೇಕು, ಅಂಥ ಕಾರ್ಯಕ್ರಮಗಳು ಹೆಚ್ಚಬೇಕೆಂಬುದು ನನ್ನ ಅಪೇಕ್ಷೆ.

ಗ್ರಂಥಾಲಯವನ್ನು ಉಳಿಸಿಕೊಂಡ ಬಗೆಯೂ ಈ ಊರಿನ ಪುನರುಜ್ಜೀವನದ ಭಾಗವೇ ಎಂದು ನಾನು ತಿಳಿಯುತ್ತೇನೆ. 2009ರಲ್ಲಿ ಹಣವಿಲ್ಲವೆಂದು ಹಲವು ಶಾಖೆಗಳನ್ನು ಮುಚ್ಚುವ ನಿರ್ಧಾರವಾಗಿತ್ತು. ಜನ ಎದುರುಬಿದ್ದರು, ಮುಚ್ಚುವುದು ನಿಂತಿತು. 2011ರ ನವೆಂಬರ್‌ನಲ್ಲಿ ಗ್ರಂಥಾಲಯಕ್ಕೆಂದೇ ಆಸ್ತಿ ತೆರಿಗೆ ಕೊಡಲು ಸಿದ್ಧರಿದ್ದೀರಾ ಎಂದು ಮತಕ್ಕೆ ಹಾಕಿದಾಗ ಶೇ. 72ರಷ್ಟು ಮತದಾರರು ಒಪ್ಪಿದರು. ಲಕ್ಷ ಡಾಲರ್ ಬೆಲೆಯ ಮನೆಗೆ ಆಗ ವರ್ಷಕ್ಕೆ 25 ಡಾಲರ್ ಆಗುತ್ತಿತ್ತು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ, ಅಂದರೆ ಆ ವಿಚಾರದಲ್ಲಿ ನಾವು ಇವರಿಗಿಂತ ಬಹಳ ಮುಂಚೆಯೇ ಇದ್ದವರು. ರಸೀದಿಯಲ್ಲಿ ಆ ಸಾಲು ಕಂಡಾಗ, ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಬಡಾವಣೆಯ ಹಳೆಯ ನಕಾಶೆಯೊಂದನ್ನು ಗೋಡೆಗೆ ಹಾಕಿಸಲು ಕೇಳುವ ಹಕ್ಕು ನಮಗಿದೆಯಲ್ಲ ಎಂದು ನೆನಪಾದರೆ ಸಾಕು.

ಅಪರೂಪದ ಸಾಮಗ್ರಿ ಕೇಳುವವರಿಗೆ ಇಲ್ಲಿಯ ಕಟ್ಟುಪಾಡುಗಳು ಬಿಗಿಯೆನಿಸಬಹುದು. ಅದಕ್ಕೆ ಕಾರಣವಿದೆ. ಇದೇ ಕಟ್ಟಡದ ಅಪೂರ್ವ ಗ್ರಂಥಗಳ ಕೊಠಡಿಯಿಂದ ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ 80 ಲಕ್ಷ ಡಾಲರ್‌ಗೂ ಮಿಕ್ಕಿದ ಬೆಲೆಯ ಪುಸ್ತಕ, ನಕಾಶೆ, ಚಿತ್ರಫಲಕಗಳು ಕಳವಾಗಿದ್ದದ್ದು 2017ರ ತಪಾಸಣೆಯಲ್ಲಿ ಬೆಳಕಿಗೆ ಬಂತು. ಆ ಕೊಠಡಿಯ ಉಸ್ತುವಾರಿಯಲ್ಲಿದ್ದವನೂ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬನೂ 2020ರಲ್ಲಿ ತಪ್ಪೊಪ್ಪಿಕೊಂಡರು. ಆದ್ದರಿಂದ ಚೀಲವನ್ನು ಹೊರಗಿಡಿ, ಪೆನ್ನಿನ ಬದಲು ಪೆನ್ಸಿಲ್ ಹಿಡಿಯಿರಿ ಎಂದರೆ ಮುಖ ಸಿಂಡರಿಸಬಾರದು. ಮೂಲ ನೆಗೆಟಿವ್ ಅಥವಾ ಮೂಲ ಚಿತ್ರ ಬೇಕಾದವರು ಮೊದಲೇ ಬರೆದು ಕೇಳಿಕೊಂಡು ಹೋಗುವುದು ವಾಸಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಅಂಕ ಹೊಸ ಒಕ್ಕಲೆಬ್ಬಿಸುವಿಕೆಯ ಬಗ್ಗೆ ಹಳೆಯದರಷ್ಟೇ ಕಾರ್ಯಕ್ರಮಗಳು ನಡೆಯುವ ದಿನಕ್ಕೆ. ಹಿರಿಯರನ್ನು ಕರೆದೊಯ್ಯುವವರು ಮಧ್ಯಾಹ್ನದ ಊಟ ಮುಗಿಸಿಕೊಂಡು ಹೊರಡಿ, ಮೈಕ್ರೊಫಿಲ್ಮ್ ಯಂತ್ರದ ಮುಂದೆ ಕುಳಿತವರನ್ನು ಎಬ್ಬಿಸುವುದು ಸುಲಭವಲ್ಲ. ಮಕ್ಕಳು ಜೊತೆಗಿದ್ದರೆ ಒಬ್ಬರು ಅವರನ್ನು ಪಕ್ಕದ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ಡೈನೊಸಾರ್‌ಗಳ ಕಡೆ ಕರೆದೊಯ್ದರೆ ಇನ್ನೊಬ್ಬರಿಗೆ ನೆಮ್ಮದಿ. ನಗರದ ಉತ್ತರ ಭಾಗದಲ್ಲಿ ಮನೆ ಮಾಡಿರುವವರು ಮಾತ್ರ ಒಂದು ವಿಷಯ ಗಮನದಲ್ಲಿಡಬೇಕು: ಅದು 1907ರವರೆಗೆ ಅಲೆಘೇನಿ ಎಂಬ ಬೇರೆಯದೇ ನಗರವಾಗಿತ್ತು, ಪಿಟ್ಸ್‌ಬರ್ಗ್‌ಗೆ ಸೇರಿದ ಮೇಲೆ ಎರಡೂ ಕಡೆ ಇದ್ದ ಒಂದೇ ಹೆಸರಿನ ಬೀದಿಗಳಿಗೆ ಹೊಸ ಹೆಸರು ಇಟ್ಟರು. ಹಾಗಾಗಿ ನಿಮ್ಮ ಬೀದಿ 1890ರ ನಕಾಶೆಯಲ್ಲಿ ಸಿಗದಿದ್ದರೆ, ಅದರ ಹಳೆಯ ಹೆಸರೇನೆಂದು ಮೊದಲು ಗ್ರಂಥಪಾಲಕರನ್ನು ಕೇಳಿ.